ಬಾಯಾರ ಪ್ರಯೋಗ, ಅವ್ವನ ಸುಣ್ಣದ ತಿಳಿ

2001ರಲ್ಲಿ ನಾನು ಸಾಲಿ ಬಿಟ್ಟೆ. ಒಂಬತ್ತನೇ ಇಯತ್ತೆ. ದೀಪಾವಳಿ ಸೂಟಿ ಮುಗಿದ ಮೇಲೆ ತಿರುಗಿ ಹೋಗಲಿಲ್ಲ. ಯಾರೂ ಬಿಡಿಸಲಿಲ್ಲ, ನಾನೇ ಬಿಟ್ಟೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಕೇಳಿದವರು "ಪಾಪ" ಅಂದು ತಾವೇ ಒಂದು ಕಥೆ ಕಟ್ಟಿಕೊಳ್ಳುತ್ತಾರೆ. ಅಪ್ಪ ತೀರಿಕೊಂಡ ಮೇಲೆ ಕರೋಶಿಯ ನಮ್ಮ ಮನೆಯಲ್ಲಿ ಉಳಿದದ್ದು ಅವ್ವ, ನಾನು ಮತ್ತು ಎಮ್ಮೆಗಳು. ನಸುಕಿನಲ್ಲಿ ಹಾಲು ಹಿಂಡಿ, ಡೇರಿಗೆ ಹಾಕಿ, ಮೇವು ತಂದು ಹಾಕಿ ಸಾಲಿ ಮುಟ್ಟುವಷ್ಟರಲ್ಲಿ ಪಾಠ ಅರ್ಧ ಮುಗಿದಿರುತ್ತಿತ್ತು. ದಿನಾ ಬಾಗಿಲಲ್ಲಿ ನಿಂತು "ಒಳಗ ಬರ್ಲ್ಯಾ ಸರ್" ಅಂತ ಕೇಳುವುದು ನನ್ನ ಸ್ವಭಾವಕ್ಕೆ ಒಗ್ಗಲಿಲ್ಲ. ಎಮ್ಮೆಯ ಹತ್ತಿರ ಹೋಗಲು ಯಾರ ಅಪ್ಪಣೆಯೂ ಬೇಕಾಗಿರಲಿಲ್ಲ.

ಬಾಯಾರು ನಮ್ಮ ಮನೆಗೆ ಬಂದದ್ದು 2004ರಲ್ಲಿ, ಮಳೆ ಹಿಂದಾದ ಮೇಲೆ. ಅವರು ಓದಿದ್ದು ಪಶುವೈದ್ಯ, ಆದರೆ ದವಾಖಾನೆಯಲ್ಲಿ ಕೂತವರಲ್ಲ. ಚಿಕ್ಕೋಡಿಯ ಒಂದು ಕಾಲೇಜಿನಲ್ಲಿ ಶರೀರದ ಕೆಲಸದ ಶಾಸ್ತ್ರ ಕಲಿಸುತ್ತ ಅಲ್ಲೇ ಸಂಶೋಧನೆ ಮಾಡುತ್ತಿದ್ದರು. ಅಥಣಿ ಕಡೆಯವರು, ಆಗ ಐವತ್ತರ ಆಸುಪಾಸು. ನಮ್ಮ ಗಡಿ ಭಾಗದಲ್ಲಿ ಕಲಿಸುವ ಹೆಂಗಸರಿಗೆ ಬಾಯಾರು ಅನ್ನುತ್ತೇವೆ, ಹಾಗೆಯೇ ಅಂದೆವು. ಹೆಗಲಿಗೊಂದು ಐಸಿನ ಡಬ್ಬಿ, ಕಾಲಲ್ಲಿ ಸವೆದ ಚಪ್ಪಲಿ. ಅಂಗಳದಲ್ಲಿ ನಿಂತು ಅವ್ವನನ್ನು ಕೇಳಿದರು.

"ಎಮ್ಮಿ ಯಾವಾಗ ಈದೈತ್ರಿ?"

"ನಿನ್ನಿ."

"ಒಂದೀಟ ರಗತ ಬೇಕಾಗಿತ್ರಿ. ಕುತಗಿ ನರದಾಗಿಂದು. ಎರಡ ಚಮಚಾ ಆದ್ರ ಸಾಕು."

ಅವ್ವ ಸೆರಗು ಸೊಂಟಕ್ಕೆ ಸಿಗಿಸಿಕೊಂಡಳು. "ಬಾಣಂತಿ ರಗತ ಕೇಳಾಕ ಬಂದೀಯಲ್ಲ, ನೀ ಡಾಕ್ಟರೋ ದೆವ್ವೋ?"

"ಎರಡೂ ಅಲ್ರಿ ಎವ್ವಾ, ಮಾಸ್ತರಕಿ ಮಾಡ್ತೀನಿ," ಅಂದು ಬಾಯಾರು ನಕ್ಕರು.

ಎಮ್ಮೆ ಈದ ಐದು ದಿನ ನಮ್ಮ ಮನೆಯಿಂದ ಏನೂ ಹೊರಗೆ ಹೋಗುವುದಿಲ್ಲ. ಹಾಲಿಲ್ಲ, ಮಜ್ಜಿಗೆಯಿಲ್ಲ, ಒಲೆಯ ಕೆಂಡವೂ ಇಲ್ಲ. ಐದನೇ ದಿನ ಗಿಣ್ಣ ಕಾಸಿ ದೇವರಿಗೆ ಎಡೆ ಹಿಡಿದು, ಓಣಿಗೆ ಹಂಚಿದ ಮೇಲೆಯೇ ಉಳಿದದ್ದೆಲ್ಲ. ಬಾಯಾರಿಗೆ ಬೇಕಾದದ್ದೋ ಆ ಐದು ದಿನದ ರಕ್ತವೇ. ಆಮೇಲಿನದು ಅವರಿಗೆ ಕೆಲಸಕ್ಕೆ ಬಾರದ್ದು. ಅವರು ಜಗಳ ತೆಗೆಯಲಿಲ್ಲ. ಮರುದಿನ ಮತ್ತೆ ಬಂದು ಕಟ್ಟೆಯ ಮೇಲೆ ಕೂತರು. ಅದರ ಮರುದಿನವೂ ಬಂದರು. ಕೊನೆಗೆ ಅವ್ವನೇ ಕೇಳಿದಳು, "ಆ ರಗತದಾಗ ಏನ ಹುಡಕ್ತಿ?"

"ಸುಣ್ಣಾ ರಿ."

"ರಗತದಾಗ ಸುಣ್ಣಾ! ಹಂಗಾರ ಎಲಿ ಅಡಿಕಿನೂ ಇರಬೇಕು, ನೋಡು."

ಆದರೆ ಅವ್ವನಿಗೆ ಆ ಹೆಣ್ಣುಮಗಳು ಬಿಸಿಲಲ್ಲಿ ಸುಮ್ಮನೆ ಕೂತದ್ದು ಮನಸ್ಸಿಗೆ ಚುಚ್ಚಿತ್ತು. ತಾನೇ ಒಂದು ದಾರಿ ತೆಗೆದಳು. "ಬರಿಗೈಲೆ ಒಯ್ಯಬ್ಯಾಡ. ಬಾಣಂತಿಗೆ ಉಡಿ ತುಂಬಿ ಒಯ್ಯಿ. ಕೊಟ್ಟು ತಗೊಂಡಂಗ ಆಕ್ಕೈತಿ, ಕಳಕೊಂಡಂಗ ಆಗಂಗಿಲ್ಲ." ಬಾಯಾರು ಎಮ್ಮೆಯ ಹಣೆಗೆ ಅರಿಶಿನ ಕುಂಕುಮ ಹಚ್ಚಿ, ಅದರ ಮುಂದೆ ಒಂದು ಹಿಡಿ ಜೋಳ, ಒಂದು ಅಡಿಕೆ ಇಟ್ಟು, ಆಮೇಲೆ ಸೂಜಿ ತೆಗೆದರು. ಎಮ್ಮೆ ಬೆದರಿತು. ನಾನು ಅದರ ಮೂಗು ಹಿಡಿದು, ಕುತ್ತಿಗೆ ಒಂದು ಕಡೆ ತಿರುಗಿಸಿ ನಿಂತೆ. ರಕ್ತ ಶೀಶೆಗೆ ಇಳಿಯುವವರೆಗೂ ಅದು ಅಲುಗಲಿಲ್ಲ. ಬಾಯಾರು ನನ್ನನ್ನು ಮೇಲಿಂದ ಕೆಳಗೆ ನೋಡಿ, "ನನ್ನ ಕೂಡ ಕೆಲಸಕ್ಕ ಬರ್ತೀಯೇನಪಾ?" ಅಂದರು.

"ಹಾಲು ಹಾಕಿ ಬರ್ತೀನ್ರಿ. ಅದಕ್ಕೂ ಮದಲ ಬರಂಗಿಲ್ಲ."

ಅಲ್ಲಿಂದ ಹನ್ನೊಂದು ವರ್ಷ. ಹುದ್ದೆಗೆ ಹೆಸರಿರಲಿಲ್ಲ. ಯೋಜನೆ ಇದ್ದಾಗ ನಾನಿದ್ದೆ, ಯೋಜನೆ ಮುಗಿದಾಗ ಮನೆಗೆ ಬಂದೆ, ಹೊಸದು ಮಂಜೂರಾದಾಗ ಮತ್ತೆ ಹೋದೆ. ಮೋಟರ್‌ಸೈಕಲ್ಲಿನ ಹಿಂದೆ ಐಸಿನ ಡಬ್ಬಿ ಬಿಗಿದು ರಾಯಬಾಗ, ಕಾಗವಾಡ, ನಿಪ್ಪಾಣಿ ಸುತ್ತಿದೆ. ಕಬ್ಬಿನ ಹಂಗಾಮಿನಲ್ಲಿ ಟ್ರ್ಯಾಕ್ಟರುಗಳ ಹಿಂದೆ ಧೂಳು ಕುಡಿಯುತ್ತ ಸಾಗಬೇಕು. ಐಸು ಕರಗುವ ಮೊದಲು ಚಿಕ್ಕೋಡಿ ಮುಟ್ಟಬೇಕು. ಎಷ್ಟೋ ಸಲ ಎಮ್ಮೆ ಇವತ್ತು ಈಯುತ್ತದೆ ಅಂತ ಫೋನು ಬಂದು, ಹೋಗಿ ಕೂತು, ಅದು ಮೂರು ದಿನ ಬಿಟ್ಟು ಈದದ್ದುಂಟು. ಊರ ಮಂದಿ ಬಾಯಾರಿಗೆ ರಗತದ ಬಾಯಿ ಅಂತ ಹೆಸರಿಟ್ಟಿದ್ದರು. ಎಮ್ಮೆ ಹಿಡಿದು ನಿಲ್ಲುವ ನನಗೆ ರಗತದ ಬಾಯಿಯ ಗೂಟ. ಉಡಿ ತುಂಬುವ ಪದ್ಧತಿ ಮಾತ್ರ ಎಲ್ಲ ಊರಲ್ಲೂ ನಡೆಯಿತು. ಐಸಿನ ಡಬ್ಬಿಯ ಪಕ್ಕದಲ್ಲಿ ಯಾವಾಗಲೂ ಒಂದು ಜೋಳದ ಚೀಲ ಇರುತ್ತಿತ್ತು.

ಅವರು ಹುಡುಕುತ್ತಿದ್ದುದು ಏನು ಅನ್ನುವುದು ನನಗೆ ತಿಳಿಯಲು ಎರಡು ವರ್ಷ ಹಿಡಿಯಿತು. ಬಾಯಾರ ಕೋಣೆಯಲ್ಲಿ ಒಂದು ಯಂತ್ರವಿತ್ತು. ಎರಡು ಗಾಜಿನ ಗೂಡಿನ ನಡುವೆ ಆಡಿನ ಕರುಳಿನ ತೆಳು ಪೊರೆಯನ್ನು ಬಿಗಿದು, ಎರಡೂ ಕಡೆ ಉಪ್ಪಿನ ನೀರು ತುಂಬುತ್ತಿದ್ದರು. ಕರುಳನ್ನು ಪೇಟೆಯ ಕಟುಕರ ಅಂಗಡಿಯಿಂದ, ಆಡು ಕೊಯ್ದ ಕೂಡಲೇ, ತಣ್ಣನೆಯ ನೀರಿನ ಫ್ಲಾಸ್ಕಿನಲ್ಲಿ ನಾನೇ ಓಡಿ ತರುತ್ತಿದ್ದೆ. ಆ ನೀರಿಗೆ ಒಂದು ಹನಿ ಹಾರ್ಮೋನ್ ಬಿಟ್ಟು ಮೀಟರಿನ ಮುಳ್ಳು ನೋಡುತ್ತ ಕೂಡುವುದು. ಉಪ್ಪಿನ ಕಣಗಳು ಪೊರೆ ದಾಟಿ ಈ ಕಡೆಯಿಂದ ಆ ಕಡೆ ಹೋದರೆ ಮುಳ್ಳು ಅಲುಗುತ್ತಿತ್ತು. ಬಹಳ ದಿನ ಅಲುಗುತ್ತಿರಲಿಲ್ಲ. ಬಾಯಾರು ಕೂತೇ ಇರುತ್ತಿದ್ದರು. ಚಹಾ ತಣ್ಣಗಾಗಿರುತ್ತಿತ್ತು.

"ಏನರೆ ಆತೇನ್ರಿ?" ಅಂತ ನಾನು ಕೇಳುತ್ತಿದ್ದೆ.

"ನನಗ ವಯಸ್ಸಾತು," ಅನ್ನುತ್ತಿದ್ದರು.

ಒಂದು ಬೇಸಿಗೆಯಲ್ಲಿ ಕಾಲೇಜಿನ ಟ್ರಾನ್ಸ್‌ಫಾರ್ಮರ್ ಸುಟ್ಟಿತು. ಜನರೇಟರಿಗೆ ಡೀಸೆಲ್ ಹಾಕಲು ಸಹಿ ಮಾಡಬೇಕಾದವರು ರಜೆಯಲ್ಲಿದ್ದರು. ಫ್ರೀಜರಿನಲ್ಲಿದ್ದ ಎರಡು ವರ್ಷದ ರಕ್ತದ ತಿಳಿಯೆಲ್ಲ ಕರಗಿ ನಾರಿತು. ನಾನು ಬಕೆಟ್ಟಿನಲ್ಲಿ ತುಂಬಿ ಹಿತ್ತಲಿಗೆ ಒಯ್ದು ಸುರಿದೆ. ಬಾಯಾರು ಬಾಗಿಲಲ್ಲಿ ನಿಂತು ನೋಡಿದರು, ಅಳಲಿಲ್ಲ. "ಸೋಮವಾರ ರಾಯಬಾಗದಾಗ ಯಾರ ಎಮ್ಮಿ ಈಯೂದ ಐತಿ?" ಅಂದರು. ನಾನು ಒಂದೂ ದಿನ ತಪ್ಪಿಸದೆ ದುಡಿದವನು. ಆದರೆ ಆ ಸೋಮವಾರ ಗಾಡಿಯ ಕಿಕ್ ಹೊಡೆಯಲು ಕಾಲು ಏಳಲಿಲ್ಲ.

ಅವರು ಕಂಡುಕೊಂಡದ್ದು ಇಷ್ಟು. ಎಮ್ಮೆ ಈದ ಕೂಡಲೇ ಮೈಯೊಳಗಿನ ಸುಣ್ಣ, ಅಂದರೆ ಕ್ಯಾಲ್ಸಿಯಂ, ಗಿಣ್ಣದ ಹಾಲಿಗೆ ಓಡುತ್ತದೆ. ರಕ್ತದಲ್ಲಿ ಕಡಿಮೆಯಾಗುತ್ತದೆ. ಆಗ ಕುತ್ತಿಗೆಯೊಳಗಿನ ಸಣ್ಣ ಗ್ರಂಥಿಗಳು ಒಂದು ಹಾರ್ಮೋನ್ ಬಿಟ್ಟು ಎಲುಬಿಗೆ, ಮೂತ್ರಪಿಂಡಕ್ಕೆ, ಕರುಳಿಗೆ ಹುಕುಂ ಕೊಡಬೇಕು: ಸುಣ್ಣ ಬಿಡ್ರಿ, ಸುಣ್ಣ ಹಿಡೀರಿ, ಒಳಗ ತಗೋರಿ. ಹುಕುಂ ತಡವಾದರೆ ಎಮ್ಮೆ ಕುಸಿದು ಕೂಡುತ್ತದೆ. ಕಿವಿ ತಣ್ಣಗಾಗುತ್ತದೆ, ಕುತ್ತಿಗೆ ಹೊಟ್ಟೆಯ ಕಡೆ ಮಡಚಿಕೊಳ್ಳುತ್ತದೆ. ನೋಡದಿದ್ದರೆ ಸಾಯುತ್ತದೆ. ನಮ್ಮ ಕಡೆ ಇದಕ್ಕೆ ಮೊದಲು ದೃಷ್ಟಿ ತಾಗಿದ್ದು ಅಂತಿದ್ದರು.

ಆಮೇಲೆ ನಮ್ಮ ಮಂದಿಗೆ ಟಾನಿಕ್ಕಿನ ಅಂಗಡಿಯವರಿಂದ ರೋಗ ಸುಣ್ಣದ್ದು ಅನ್ನುವುದು ಗೊತ್ತಾಗಿದ್ದೇ ತಪ್ಪಾಯಿತು. ಬಸುರಿ ಎಮ್ಮೆಗೆ ಕೊನೆಯ ತಿಂಗಳು ಸುಣ್ಣದ ಗಡಿಗೆಯ ಮೇಲಿನ ತಿಳಿನೀರು ಕುಡಿಸುವುದು ಹಿಂದಿನಿಂದ ಬಂದ ರೂಢಿ. ಅದರ ಮೇಲೆ ಅಂಗಡಿಯ ಕ್ಯಾಲ್ಸಿಯಂ ಟಾನಿಕ್ಕು. ಹೊಟ್ಟೆಗೆ ಕಬ್ಬಿನ ವಾಡಿ, ಅಂದರೆ ಕಬ್ಬಿನ ತುದಿಯ ಹಸಿರೆಲೆ. ಒಂದು ಎಮ್ಮೆ ಬಿದ್ದರೆ ಮುಂದಿನ ಸಲ ಇನ್ನೊಂದು ತಂಬಿಗೆ ಹೆಚ್ಚು. ಚೆನ್ನಾಗಿ ಸಾಕಿದ ಮನೆಯ ಎಮ್ಮೆಯೇ ಹೆಚ್ಚು ಬೀಳುತ್ತಿತ್ತು. ಬಾಯಾರು ಇದನ್ನು ಅವ್ವನಿಗೆ ನಮ್ಮ ಕಟ್ಟೆಯ ಮೇಲೆಯೇ ಬಿಡಿಸಿ ಹೇಳಿದರು.

"ದಿನಾ ಮನಿ ಮುಂದ ನೀರಿನ ಟ್ಯಾಂಕರ್ ಬಂದು ನಿಂತ್ರ, ಬಾವಿ ಹಗ್ಗಾ ಯಾರ ನೋಡ್ತಾರ ಹೇಳ್ರಿ? ಇಲಿ ಕಡದ ಹೋಗಿರತೈತಿ. ಮದವಿ ದಿನಾ ನೀರ ಸಾಲಂಗಿಲ್ಲ, ಹಗ್ಗಾ ತಗೊಂಡ ಓಡ್ತಾರ, ಅದು ಹರೀತೈತಿ. ಆ ಗ್ರಂಥಿನೂ ಹಂಗs. ಈಯೂಕಿಂತ ಮದಲ ಸುಣ್ಣಾ ಕಡಿಮಿ ಮಾಡ್ರಿ, ಅದು ಎಚ್ಚರ ಇರತೈತಿ."

ಅವ್ವ ಎಲ್ಲ ಕೇಳಿ, "ಬಸುರಿಗೆ ಕಡಿಮಿ ಮಾಡ್ರಿ ಅನ್ನೂ ಶಾಸ್ತ್ರಾ ನಾ ಕೇಳಿಲ್ಲವಾ," ಅಂದು ಎದ್ದು ಹೋದಳು.

2013ರಲ್ಲಿ ಬಾಯಾರು ಕೊನೆಯ ಪ್ರಯೋಗಕ್ಕೆ ಕೈಹಾಕಿದರು. ನಿವೃತ್ತಿಗೆ ಎರಡೇ ವರ್ಷ ಇತ್ತು. ಇಷ್ಟು ವರ್ಷ ಗಾಜಿನ ಗೂಡಿನಲ್ಲಿ, ರಕ್ತದ ಶೀಶೆಯಲ್ಲಿ ಕಂಡದ್ದನ್ನು ರೈತರ ಅಂಗಳದಲ್ಲಿ ತೋರಿಸಬೇಕು. ಇಲ್ಲದಿದ್ದರೆ ಅದು ಕಾಗದದಲ್ಲೇ ಉಳಿಯುತ್ತದೆ. ಬಸುರಿ ಎಮ್ಮೆಗಳನ್ನು ಎರಡು ಗುಂಪು ಮಾಡುವುದು. ಒಂದಕ್ಕೆ ರೂಢಿಯಂತೆ ಸುಣ್ಣ, ಟಾನಿಕ್ಕು, ವಾಡಿ. ಇನ್ನೊಂದಕ್ಕೆ ಈಯುವ ತನಕ ಸುಣ್ಣ, ಟಾನಿಕ್ಕು ಬಂದ್, ವಾಡಿಯ ಬದಲು ಜೋಳದ ಕಣಿಕೆ, ಅಂದರೆ ಒಣ ದಂಟು. ಯಾವ ಎಮ್ಮೆ ಯಾವ ಗುಂಪಿಗೆ ಅಂತ ಚೀಟಿ ಎತ್ತುವುದು.

ಎಮ್ಮೆ ಒಟ್ಟುಮಾಡುವ ಕೆಲಸ ನನ್ನದು. ಒಂದು ವರ್ಷ ಅದರಲ್ಲೇ ಹೋಯಿತು. ಕಾಗವಾಡದ ಒಬ್ಬ ಕೈಮುಗಿದು, "ನಕೋ ರೇ ಬಾಬಾ, ಬಸುರಿಗೆ ಉಪವಾಸ ಕೆಡವಿದ ಪಾಪ ನನಗ ಬ್ಯಾಡ," ಅಂದ. ಕುಡಚಿಯಲ್ಲಿ ಹಾಲಿನ ವ್ಯಾಪಾರ ಮಾಡುವ ಒಬ್ಬ ಚಾಚಾ ಇದ್ದರು. ಅವರ ಹತ್ತಿರ ಎಮ್ಮೆ ಬಹಳ. ಅವರು ಚಹಾ ಕುಡಿಸಿ, "ನಿನ್ನ ಎಮ್ಮೆ ಐತೇನು ಇದರಾಗ?" ಅಂತ ಒಂದೇ ಪ್ರಶ್ನೆ ಕೇಳಿದರು.

"ಐತ್ರಿ ಚಾಚಾ."

"ಹಂಗಾದ್ರ ನಮ್ಮವೂ ಬರಕೋ."

ನನ್ನ ಎಮ್ಮೆ ಆಗ ಪ್ರಯೋಗದಲ್ಲಿ ಇರಲಿಲ್ಲ, ಆ ಮಾತು ಬಾಯಿಂದ ಬಂದ ಮೇಲೆ ಇತ್ತು. ಮನೆಗೆ ಬಂದು ಅವ್ವನಿಗೆ ಹೇಳಿದೆ. ಅದು ಅವ್ವನ ಕೈಯ ಎಮ್ಮೆ, ನಾಲ್ಕನೇ ಸೂಲು, ಬಾಗಿದ ಕೋಡು, ಓಣಿಗೆಲ್ಲ ಹೆಸರಾದದ್ದು. ಅವ್ವ ಬಡಿದ ರೊಟ್ಟಿಯನ್ನು ಹಂಚಿನ ಮೇಲೆ ಹಾಕಿದಳು. "ಬಾಯಾರ ಸಲುವಾಗಿ ಆಗ್ಲಿ," ಅಂದಳು. ಚೀಟಿಯಲ್ಲಿ ನಮ್ಮ ಎಮ್ಮೆ ಸುಣ್ಣ ಇಲ್ಲದ ಗುಂಪಿಗೆ ಬಂತು. ನಮ್ಮದನ್ನು ನೋಡಿ ಉಳಿದವರ ಎಮ್ಮೆಗಳೂ ಸೇರಿದವು. ಊರ ಕಣ್ಣೆಲ್ಲ ನಮ್ಮ ಶೆಡ್ಡಿನ ಮೇಲೆ. ನಮ್ಮದು ಎದ್ದು ನಿಂತರೆ ಪ್ರಯೋಗ ಉಳಿಯುತ್ತದೆ, ಬಿದ್ದರೆ ಬೀಳುತ್ತದೆ ಅನ್ನುವುದು ನನಗೂ ಗೊತ್ತಿತ್ತು, ಬಾಯಾರಿಗೂ ಗೊತ್ತಿತ್ತು.

ಅದು ಬಿತ್ತು. ಈದ ಮರುದಿನ ಬಿಸಿಲು ಏರಿದಾಗ ಹಿಂಗಾಲು ನಡುಗಿ ಕುಸಿಯಿತು. ಕಿವಿ ಮುಟ್ಟಿದರೆ ತಣ್ಣಗೆ. ನಾನು ಫೋನು ಮಾಡಿದೆ. ಬಾಯಾರು ಯಾರದೋ ಜೀಪಿನಲ್ಲಿ ಬಂದು, ಸೀರೆಯ ನೆರಿಗೆ ಸಗಣಿಯಲ್ಲಿ ಬಿದ್ದದ್ದನ್ನೂ ನೋಡದೆ ಮೊಣಕಾಲೂರಿ ಕೂತು, ಕ್ಯಾಲ್ಸಿಯಂ ಬಾಟಲಿಯನ್ನು ಕುತ್ತಿಗೆಯ ನರಕ್ಕೆ ನಿಧಾನವಾಗಿ ಇಳಿಸಿದರು. ಅವಸರ ಮಾಡಿದರೆ ಎದೆ ನಿಲ್ಲುತ್ತದೆ. ನಾನು ಬಾಟಲಿ ಎತ್ತಿ ಹಿಡಿದಿದ್ದೆ. ಓಣಿಯ ಮಂದಿ ಬೇಲಿಯ ಆಚೆ ನಿಂತಿದ್ದರು. ಬಾಟಲಿ ಮುಗಿಯುವ ಹೊತ್ತಿಗೆ ಎಮ್ಮೆ ಮೈ ನಡುಗಿಸಿತು, ಒಂದು ತೇಗು ತೆಗೆಯಿತು, ಸಗಣಿ ಹಾಕಿತು. ಆಮೇಲೆ ಮುಂಗಾಲೂರಿ ಎದ್ದು ನಿಂತು ಕರುವನ್ನು ಕರೆಯಿತು.

ಬಾಯಾರು ಕೈ ತೊಳೆದು ಕಟ್ಟೆಗೆ ಕೂತರು. ಮಂದಿ ಕರಗಿತ್ತು. ಅವ್ವ ಚಹಾ ತಂದು ಕೊಟ್ಟು, ಒಳಗೆ ಹೋಗದೆ ಬಾಗಿಲ ಚೌಕಟ್ಟು ಹಿಡಿದು ನಿಂತಳು.

"ನಾನs ಕುಡಿಸಿದ್ನಿ," ಅಂದಳು. "ನಸುಕಿನ್ಯಾಗ ಇವಾ ಡೇರಿಗೆ ಹೋದ ಮ್ಯಾಲ. ನೋಡಾಕ ಆಗಲಿಲ್ಲವಾ. ದಿನಾ ಗಡಿಗಿ ಕಡೆ ನೋಡಿ ಮಾರಿ ಎತ್ತತಿತ್ತು."

"ಎಷ್ಟ ದಿನಾ?"

"ಮದಲಿಂದನೂ."

ಬಾಯಾರು ಚಹಾ ಪೂರ್ತಿ ಕುಡಿದರು. "ಇರ್ಲಿ ಬಿಡ್ರಿ ಎವ್ವಾ. ಎದ್ದು ನಿಂತೈತಲ್ಲ." ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಹಗುರಾಗುತ್ತಿತ್ತು.

ಜೀಪಿನವರೆಗೆ ನಾನೂ ಹೋದೆ. "ಆ ಕಡೆ ಗುಂಪಿನಾಗ ಬರೀರಿ ಇದನ್ನ. ಸುಣ್ಣಾ ಕುಡದೈತಿ, ಬಿದ್ದೈತಿ. ನಿಮ್ಮ ಮಾತs ಖರೇ ಆತಲ್ರಿ," ಅಂದೆ.

"ಚೀಟಿ ಎತ್ತಿದ ಮ್ಯಾಲ ಎಮ್ಮಿ ಗೂಟಾ ಬದಲಸಾಕ ಬರಂಗಿಲ್ಲಪಾ. ನಂಗ ಬೇಕಾದಂಗ ಈ ಕಡೆದ್ದು ಆ ಕಡೆ ಕಟ್ಟಿದ್ರ, ಉಳದ ಎಮ್ಮಿ ಮಾತರ ಯಾರ ನಂಬ್ತಾರ? ಇದು ಲೆಕ್ಕಕ್ಕಿಲ್ಲ."

"ಮಂದಿಗೆ ಏನ ಹೇಳೂದ್ರಿ? ಅವ್ವಾ ಕುಡಿಸಿದ್ಳು ಅಂತ ಹೇಳ್ಲಿ?"

"ಅದು ಅವರ ಮಾತು. ನನ್ನದೂ ಅಲ್ಲ, ನಿನ್ನದೂ ಅಲ್ಲ."

ಸುದ್ದಿ ಬಸ್ಸಿಗಿಂತ ಮೊದಲು ರಾಯಬಾಗ ಮುಟ್ಟಿತು. ಒಬ್ಬೊಬ್ಬರೇ ಫೋನು ಮಾಡಿ ಪ್ರಯೋಗದಿಂದ ಹಿಂದೆ ಸರಿದರು. ನಾನು ಅಂಗಳದಿಂದ ಅಂಗಳಕ್ಕೆ ಹೋಗಿ ಕೇಳಿಕೊಂಡೆ. ಯಾರ ಮುಂದೂ ಕೈಚಾಚದವನು ಆ ವಾರ ಮಂದಿಯ ಬಾಗಿಲಲ್ಲಿ ನಿಂತೆ. ಕಾರಣ ಕೇಳಿದರೆ ಎಮ್ಮೆ ಎದ್ದು ನಿಂತದ್ದನ್ನಷ್ಟೇ ಹೇಳುತ್ತಿದ್ದೆ. ನಾಲ್ಕು ದಶಕ ಎಮ್ಮೆ ಕಟ್ಟಿದ ಹೆಂಗಸು, ಇಡೀ ಕರೋಶಿ ಆಕೆಯ ಕೈಗುಣ ಹೊಗಳುತ್ತಿತ್ತು. ನಾನು ಹೇಗೆ ಹೇಳಲಿ? ಕುಡಚಿಗೆ ಹೋದಾಗ ಚಾಚಾ ನನ್ನ ಮುಖ ನೋಡಿ, "ಜುಬಾನ್ ಕೊಟ್ಟ ಮ್ಯಾಲ ಕೊಟ್ಟಂಗ ಬೇಟಾ. ಕೂಡು, ಚಾ ಕುಡಿ," ಅಂದರು. ಅವರೊಬ್ಬರೇ.

ಮನೆಯಲ್ಲಿ ಅವ್ವ ಮಾತು ಬಿಟ್ಟಿದ್ದಳು. ನಾನೂ ಬಿಟ್ಟಿದ್ದೆ. ಒಂದು ಮುಂಜಾನೆ ನಾನು ಡೇರಿಯ ಸಾಲಿನಲ್ಲಿ ನಿಂತಿದ್ದೆ. ನಮ್ಮ ಓಣಿಯವನೇ ಒಬ್ಬ ಹಿಂದಿನಿಂದ, "ಏನಪಾ, ನಿಮ್ಮ ಬಾಯಾರು ಎಮ್ಮಿಗಷ್ಟs ಉಪವಾಸ ಹಾಕ್ತಾರೋ, ನಿನಗೂ ಹಾಕ್ತಾರೋ? ಸೊರಗೀಯಲ್ಲ," ಅಂದ. ಸಾಲು ನಕ್ಕಿತು. ಆಗ ಅವ್ವ ಬಂದಳು. ನಾನು ಸಾಲಿ ಬಿಟ್ಟ ಮೇಲೆ ಆಕೆ ಡೇರಿಯ ಮೆಟ್ಟಿಲು ಹತ್ತಿರಲಿಲ್ಲ.

"ಯಾವನಲೇ ಅವಾ ಉಪವಾಸ ಅಂದಾಂವಾ?" ಅಂದಳು. "ನನ್ನ ಶೆಡ್ಡಿನ್ಯಾಗ ಯಾವ ಎಮ್ಮಿನೂ ಉಪವಾಸ ಬಿದ್ದಿಲ್ಲ. ಬಾಯಾರು ಬ್ಯಾಡ ಅಂದಿದ್ರು, ನಾನು ಸುಣ್ಣದ ತಿಳಿ ಕುಡಿಸಿದ್ನಿ. ಮಗಗ ಹೇಳಲಾರದs ಕುಡಿಸಿದ್ನಿ. ಅದಕ್ಕ ಬಿತ್ತು. ಬಾಯಾರದು ತಪ್ಪಿಲ್ಲ, ಇವಂದೂ ತಪ್ಪಿಲ್ಲ. ನಿಮ್ಮ ಎಮ್ಮಿ ಯಾಕ ಬಿದ್ದಿದ್ದೂ ಅಂತ ನಿಮ್ಮ ನಿಮ್ಮ ಹೆಂಡ್ರನ್ನ ಕೇಳ್ರಿ ಹೋಗ್ರಿ."

ಹಿಂದೆ ನಿಂತವನು, "ಎಕ್ಕಾ, ಚ್ಯಾಷ್ಟಿಗೆ ಅಂದ್ನಿ," ಅಂದ.

"ನಾ ಚ್ಯಾಷ್ಟಿಗೆ ಅಂದಿಲ್ಲ," ಅಂದು ಅವ್ವ ಮೆಟ್ಟಿಲಿಳಿದು ಹೋದಳು. ಆಕೆಯ ಬೆನ್ನು ಬಾಗಿತ್ತು ಅನ್ನುವುದನ್ನು ನಾನು ಅವತ್ತೇ ಕಂಡದ್ದು.

ಬಿಟ್ಟವರಲ್ಲಿ ಕೆಲವರು ತಿರುಗಿ ಬಂದರು. ಆದರೆ ಅಷ್ಟರಲ್ಲಿ ಅವರ ಎಮ್ಮೆಗಳು ಸುಣ್ಣ ಕುಡಿದಾಗಿತ್ತು. ಬಾಯಾರು ಅವನ್ನು ತೆಗೆದುಕೊಳ್ಳಲಿಲ್ಲ. ಉಳಿದದ್ದು ಚಾಚಾ ಅವರ ಎಮ್ಮೆಗಳು ಮತ್ತು ಮಂದಿ ಬಿಡುವ ಮುಂಚೆಯೇ ಈದ ನಾಲ್ಕಾರು. ಚಾಚಾ ಅವರಲ್ಲಿ ಸುಣ್ಣ ಇಲ್ಲದ ಗುಂಪಿನದು ಒಂದೂ ಬೀಳಲಿಲ್ಲ. ಬಾಯಾರು ಅದನ್ನು ಬರೆದು ಕಳಿಸಿದರು. ಅಚ್ಚಾಯಿತು. ನನ್ನನ್ನು ಕರೆದು ಕೊನೆಯ ಸಾಲನ್ನು ಕನ್ನಡದಲ್ಲಿ ಹೇಳಿದರು: ಎಮ್ಮೆಗಳು ಕಡಿಮೆ, ಆದ್ದರಿಂದ ಖಚಿತವಾಗಿ ಹೇಳಲು ಬರುವುದಿಲ್ಲ, ಇನ್ನೂ ನೋಡಬೇಕು.

"ಇಷ್ಟ ವರ್ಷದ್ದು ಇಷ್ಟೇನ್ರಿ?" ಅಂದೆ.

"ಇಷ್ಟs. ಇದ್ದಷ್ಟು ಖರೇ ಐತಲ್ಲ."

2015ರಲ್ಲಿ ನಿವೃತ್ತರಾದರು. ಗಾಜಿನ ಗೂಡನ್ನು ಅರಿವೆಯಲ್ಲಿ ಸುತ್ತಿ ಕಪಾಟಿಗಿಟ್ಟದ್ದು ನಾನೇ. ಅವರ ಜಾಗಕ್ಕೆ ಬಂದವರದು ಬೇರೆ ವಿಷಯ. ಬಾಯಾರು ಅಥಣಿಗೆ ಹೋಗುವ ಮೊದಲು ನಮ್ಮ ಮನೆಗೆ ಬಂದು ಅವ್ವನ ಕೈಯ ರೊಟ್ಟಿ ಉಂಡರು. ಇಬ್ಬರೂ ಎಮ್ಮೆಯ ಸುದ್ದಿ ಬಿಟ್ಟು ಮೊಣಕಾಲು ನೋವಿನ ಸುದ್ದಿ ಮಾತಾಡಿದರು. ನಮ್ಮ ಓಣಿಯಲ್ಲಿ ಈಗ ಅರ್ಧ ಮನೆಗಳು ಕೊನೆಯ ತಿಂಗಳು ಸುಣ್ಣ ನಿಲ್ಲಿಸುತ್ತವೆ. ಇನ್ನರ್ಧ ನಿಲ್ಲಿಸುವುದಿಲ್ಲ. ಟಾನಿಕ್ಕಿನ ಅಂಗಡಿ ಚೆನ್ನಾಗಿ ನಡೆದಿದೆ. ಅವ್ವ ಹೋದ ವರ್ಷ ತೀರಿಕೊಂಡಳು. ಅಲ್ಲಿಯವರೆಗೂ ಪ್ರತಿ ಬಸುರಿ ಎಮ್ಮೆಯನ್ನು ತಾನೇ ಕಣಿಕೆ ಹಾಕಿ ಕಾದಳು, ಮನಸ್ಸಿಲ್ಲದೆಯೇ.

ಇದು 2019. ನನ್ನ ಹತ್ತಿರ ಈಗ ಆರು ಎಮ್ಮೆ ಇವೆ, ಅದರಲ್ಲಿ ಎರಡು ಬಸುರಿ. ಇನ್ನೂ ಈಯದ ಮಣಕ ಎರಡು, ಕೋಣ ಒಂದು. ಆ ಪ್ರಯೋಗದ ನಂತರ, ಸುಣ್ಣ ನಿಲ್ಲಿಸಿದ ಮೇಲೆ, ನನ್ನ ಶೆಡ್ಡಿನಲ್ಲಿ ಈದದ್ದು ಹದಿನಾಲ್ಕು ಸಲ, ಬಿದ್ದದ್ದು ಒಂದು.